ತವರಿಗೋ ತ್ಯಾವರೆಕೊಪ್ಪಕ್ಕೋ

ಸೀತಾಲಕ್ಷ್ಮಿಗೆ ಹುಲಿ ಸಿಂಹ ನೋಡಬೇಕೆಂಬ ಆಸೆ ಹುಟ್ಟಿ ಹನ್ನೊಂದು ವರ್ಷವಾಗಿತ್ತು. ಅಂಥ ದೊಡ್ಡ ಆಸೆಯೇನಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಸಾಗರದ ರಸ್ತೆಯಲ್ಲಿ ಇನ್ನೊಂದು ಬಸ್ಸು, ಇಳಿದರೆ ತ್ಯಾವರೆಕೊಪ್ಪ. ಅವಳಿದ್ದ ಹಳೇನಗರದ ಅರ್ಧ ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗಿ, ಜಾಲರಿ ಹಾಕಿದ ವ್ಯಾನಿನಲ್ಲಿ ಕೂತು, ಸಿಂಹಕ್ಕೆ ಮುಖ ತೋರಿಸಿ ಬಂದಿದ್ದರು. ಇವಳೊಬ್ಬಳು ಉಳಿದಿದ್ದಳು. ಗಂಡ ಜುಗ್ಗ ಎಂದಲ್ಲ, ಬಿಡುವಿಲ್ಲದವನು ಎಂದೂ ಅಲ್ಲ. ಅವಳು ಕೇಳಿದ್ದು ಅವನಿಗೆ ಮುಟ್ಟುತ್ತಲೇ ಇರಲಿಲ್ಲ.

"ರೀ, ತ್ಯಾವರೆಕೊಪ್ಪಕ್ಕೆ ಹೋಗೋಣ" ಎಂದು ಮೊದಲ ಸಲ ಅಂದಾಗ ಗೋವಿಂದಪ್ಪ ಅವಳ ತುಟಿಯನ್ನೇ ನೋಡಿ, "ಪಾಪ, ಹೋಗ್ಬಾ. ನಿಮ್ಮಣ್ಣನ್ನ ನೋಡಿ ಎಷ್ಟು ದಿನ ಆಯ್ತು" ಎಂದಿದ್ದ. ತ್ಯಾವರೆಕೊಪ್ಪ ಎಂದದ್ದು ಅವನಿಗೆ ತವರು ಎಂದು ಕಂಡಿತ್ತು. ಹೆಂಡತಿ ಬಾಯಲ್ಲಿ ಬರುವ ಊರು ತವರಲ್ಲದೆ ಇನ್ಯಾವುದು? ಮಾರನೆಯ ದಿನ ತಾನೇ ಬಸ್ ಸ್ಟ್ಯಾಂಡಿಗೆ ಬಂದು, ಒಂದು ಚಿಪ್ಪು ಬಾಳೆಹಣ್ಣು ಕೈಗಿತ್ತು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಅವಳ ತವರೂರಾದ ತರೀಕೆರೆಯ ಬಸ್ಸಿನಲ್ಲಿ ಕೂರಿಸಿ ಕಳಿಸಿದ. ಆ ಕಡೆ ಹೋಗಬೇಕಾದವಳು ಈ ಕಡೆ ಹೋದಳು. ಹೀಗೆ ನಾಲ್ಕು ಸಲ ಆಯಿತು. ನಾಲ್ಕನೆಯ ಸಲ ತರೀಕೆರೆಯ ಅತ್ತಿಗೆ ಅವಳನ್ನು ಹಿತ್ತಲಿಗೆ ಕರೆದು, "ನಿಜ ಹೇಳು, ನಿಮ್ಮಿಬ್ಬರ ಮಧ್ಯೆ ಏನು ನಡೀತಿದೆ?" ಎಂದು ಪಿಸುಗುಟ್ಟಿದ್ದಳು. ಆಮೇಲೆ ಸೀತಾಲಕ್ಷ್ಮಿ ಆ ಊರಿನ ಹೆಸರೆತ್ತುವುದನ್ನೇ ಬಿಟ್ಟಳು.

ಇಷ್ಟಕ್ಕೆಲ್ಲ ಕಾರಣ ಗೋವಿಂದಪ್ಪನ ಕಿವಿ. ಇಪ್ಪತ್ತೈದು ವರ್ಷ ಹಿಟ್ಟಿನ ಗಿರಣಿಯ ಬೆಲ್ಟಿನ ಪಕ್ಕದಲ್ಲೇ ನಿಂತು ಅವನ ಕಿವಿ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ. ಯಾರೋ ಏನೋ ಅಂದರೆಂಬ ಸದ್ದು ಬರುತ್ತಿತ್ತು, ಅಂದದ್ದೇನು ಎಂಬುದು ಬರುತ್ತಿರಲಿಲ್ಲ. ಅವನಿಗಿಂತ ಮುಂಚೆ ಅದೇ ಗಿರಣಿ ನಡೆಸಿದ ಅವನಪ್ಪ ಮಂಜಪ್ಪನಿಗೂ ಹಾಗೇ ಆಗಿತ್ತು. ಊರವರು ಗಿರಣಿಯನ್ನು 'ಕೆಪ್ಪ ಮಂಜಪ್ಪನ ಮಿಲ್ಲು' ಎಂದೇ ಕರೆದರು. ಗೋವಿಂದಪ್ಪ ಶಾಲೆಗೆ ಹೋಗುವಾಗ ಅವನನ್ನೂ ಕೆಪ್ಪನ ಮಗ ಎಂದರು. ಅಪ್ಪ ಸತ್ತು ಎಷ್ಟೋ ವರ್ಷವಾದ ಮೇಲೆ ಹೊಸ ಬೋರ್ಡು ಬರೆಸಿದರೂ ಜನ ಆ ಹೆಸರು ಬಿಟ್ಟಿರಲಿಲ್ಲ. ಹಾಗಾಗಿ ತನ್ನ ಕಿವಿಯೂ ಕೈಕೊಟ್ಟಿತೆಂದು ತಿಳಿದ ದಿನ ಅವನು ಹೆಂಡತಿಯ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಮಾರಾಯ್ತಿ, ಮಗಳಿಗೂ ಸಹ" ಎಂದಿದ್ದ. ಅವಳು ಹೂಂ ಎಂದಿದ್ದಳು.

ಕಿವಿ ಮಂದವಾದವರು ದಿನಕ್ಕೆ ನೂರು ಸಲ 'ಏನಂದೆ' ಎನ್ನುತ್ತಾರೆ. ಗೋವಿಂದಪ್ಪ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅಂದವನಲ್ಲ. ಗಿರಣಿಯಲ್ಲಿ ಡಬ್ಬದ ಮುಚ್ಚಳ ತೆಗೆದು ನೋಡುತ್ತಿದ್ದ. ರಾಗಿ ತಂದವರು ನುಣ್ಣಗೆ ಎನ್ನುತ್ತಾರೆ, ಗೋಧಿ ತಂದವರು ಎಷ್ಟೊತ್ತಿಗೆ ಬರ್ಲಿ ಎನ್ನುತ್ತಾರೆ, ಮೆಣಸಿನಕಾಯಿ ತಂದವರು ಮೊದಲು ಸೀನುತ್ತಾರೆ. ಇದರಲ್ಲಿ ಕೇಳಿಸಿಕೊಳ್ಳುವುದೇನಿದೆ? ಆ ಸದ್ದಿನಲ್ಲಿ ಬಂದವರೂ ಕಿವುಡರೇ ಆಗಿರುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮಗಳು ಕವನ ಹಾಸ್ಟೆಲಿನಿಂದ ಬಂದರೆ ತಾನೇ ಮುಂಚೆ ಪ್ರಶ್ನೆ ಕೇಳುತ್ತಿದ್ದ. ಪ್ರಶ್ನೆ ತನ್ನದಾದರೆ ಉತ್ತರ ಅರ್ಧ ಗೊತ್ತಿದ್ದ ಹಾಗೆ. ಫೋನ್ ಬಂದರೆ "ತಡಿ, ಅಮ್ಮಂಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತಿದ್ದ.

ಉಳಿದದ್ದನ್ನೆಲ್ಲ ಸೀತಾಲಕ್ಷ್ಮಿ ನಿಭಾಯಿಸಿದಳು. ಗಂಡನಿಗೆ ಸಿಗುವಂಥ ಮಾತುಗಳನ್ನು ಆರಿಸಿಟ್ಟುಕೊಂಡು, ಆಯಾ ಹೊತ್ತಿಗೆ ಆಯಾ ಜಾಗದಲ್ಲಿ ನಿಂತು ಅದನ್ನೇ ಆಡಿದಳು. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ "ನೀರು ಕಾದಿದೆ." ತಟ್ಟೆ ಮುಂದೆ "ಉಪ್ಪು ಸಾಕಾ?" ಸಂಜೆ ಗೂಟದಲ್ಲಿ ಬೀಗದ ಕೈ ಇಲ್ಲದಿದ್ದರೆ "ಮಿಲ್ ಬಾಗ್ಲು ಹಾಕಿದ್ರಾ?" ಗೋವಿಂದಪ್ಪ ತಡವರಿಸದೆ ಉತ್ತರ ಕೊಡುತ್ತಿದ್ದ. ನೋಡಿದವರು ಎಂಥ ಹೊಂದಾಣಿಕೆಯ ಜೋಡಿ ಎನ್ನುತ್ತಿದ್ದರು. ಮಗಳು ಮಾತ್ರ ನಗುತ್ತಿದ್ದಳು. "ಅಮ್ಮಾ, ನಿನ್ ಕ್ಯಾಸೆಟ್ಟು ತಿರುಗ್ಸಿ ಹಾಕೇ. ಒಂದೇ ಸೈಡು ಎಷ್ಟು ವರ್ಷ ಕೇಳೋದು?" ಸೀತಾಲಕ್ಷ್ಮಿಗೆ ಆ ಮಾತು ಚುಚ್ಚುತ್ತಿತ್ತು. ತರೀಕೆರೆಯಲ್ಲಿ ಅವಳನ್ನು ವಾಚಾಳಿ ಎಂದೇ ಕರೆಯುತ್ತಿದ್ದರು. ಬೀದಿಯಲ್ಲಿ ನಡೆದ ಒಂದು ಜಗಳವನ್ನು ಮೂರು ದಿನ ಹೇಳಬಲ್ಲವಳು, ಅದೂ ಇಬ್ಬರ ಧ್ವನಿಯಲ್ಲಿ. ಅಂಥವಳು ಗಂಡನೆದುರು ಒಂದು ಹೊಸ ಮಾತಾಡದೆ ಹನ್ನೊಂದು ವರ್ಷ ಕಳೆದಿದ್ದಳು. ಹುಲಿ ಹಾಳಾಗಿ ಹೋಗಲಿ, ಈ ಮನುಷ್ಯ ಒಂದು ಸಲ ತನ್ನ ಕಡೆ ತಿರುಗಿ 'ಏನಂದೆ' ಅಂದರೆ ಸಾಕು ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಅಂದರೆ ತಾನೇ ಮತ್ತೊಂದು ಸಲ ಹೇಳುವುದು?

ಹೀಗಿರುವಾಗ, ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕವನ ಒಂದು ಲ್ಯಾಪ್‌ಟಾಪು, ಎರಡು ಹೆಡ್‌ಫೋನು ಹೊತ್ತುಕೊಂಡು ಮನೆಗೆ ಬಂದಳು.

"ಏನೇ ಇದು?" ಎಂದಳು ತಾಯಿ.

"ನನ್ ರಿಸರ್ಚಮ್ಮ. ಮಾತು ಕೇಳುವಾಗ ನಮ್ ಮಿದುಳು ಸುಮ್ನೆ ಕಾಯ್ತಾ ಕೂತಿರಲ್ಲ. ಮುಂದೆ ಬರೋ ಪದ ಇದೇ ಅಂತ ಮೊದಲೇ ಊಹೆ ಮಾಡಿಟ್ಕೊಂಡಿರುತ್ತೆ. ಊಹೆ ಸರಿಯಾದ್ರೆ ಸಲೀಸು, ತಪ್ಪಾದ್ರೆ ಒಂದು ಕ್ಷಣ ತಬ್ಬಿಬ್ಬಾಗುತ್ತೆ. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರುತ್ತಲ್ಲ, ಅಲ್ಲೀತನಕ ಊಹೆ ಹೆಂಗೆ ನಡೆಯುತ್ತೆ ಅಂತ ನೋಡ್ಬೇಕು."

"ಇದಕ್ಕೆ ಡಾಕ್ಟರ್ ಅಂತ ಪದವಿ ಕೊಡ್ತಾರಾ?"

"ಮತ್ತೆ?"

ಹಾಗಾದರೆ ಹಿಟ್ಟಿನ ಗಿರಣಿಯವರೊಬ್ಬರು ಎಂದೋ ಡಾಕ್ಟರಾಗಬೇಕಿತ್ತಲ್ಲ ಎಂದುಕೊಂಡಳು ಸೀತಾಲಕ್ಷ್ಮಿ.

ಕವನಳಿಗೆ ಮೂವತ್ತು ಜನ ಬೇಕಿತ್ತು. ಹತ್ತು ದಿನ ಶಿವಮೊಗ್ಗ, ಭದ್ರಾವತಿ ಸುತ್ತಿ ಇಪ್ಪತ್ತೆಂಟು ಜನರ ಕಿವಿಗೆ ಹೆಡ್‌ಫೋನು ಹಾಕಿದಳು. ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಅರ್ಧ ವಾಕ್ಯ ಕೇಳಿಸುತ್ತದೆ, ಕೊನೆಯ ಪದ ನೀವು ಹೇಳಬೇಕು. ಎರಡನೆಯದರಲ್ಲಿ ಪೂರ್ತಿ ವಾಕ್ಯ ಕೇಳಿಸುತ್ತದೆ, ಕೇಳಿಸಿದ ಹಾಗೇ ತಿರುಗಿ ಹೇಳಬೇಕು. ಆದರೆ ಅಲ್ಲಿ ಕೊನೆಯ ಪದ ಎಡವಟ್ಟಾಗಿರುತ್ತದೆ. ಇಪ್ಪತ್ತೊಂಬತ್ತನೆಯವಳಾಗಿ ಪಕ್ಕದ ಮನೆಯ ಖಾಜಾಬೀ ಕೂತಳು. "ನಾಯಿ ಕಳ್ಳನನ್ನು ಕಂಡು ಹಾಡಿತು" ಎಂಬುದು ಕಿವಿಗೆ ಬಿದ್ದದ್ದೇ ತಡ, ಹೆಡ್‌ಫೋನ್ ಕಿತ್ತು ಬಿಸುಟು, "ಯಾ ಅಲ್ಲಾ, ಯಾವ ರಾಗದಲ್ಲೇ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಪ್ಪತ್ತೊಂಬತ್ತು ಜನರಲ್ಲಿ ಆ ವಾಕ್ಯಕ್ಕೆ ನಗದವರೇ ಇರಲಿಲ್ಲ.

ಮೂವತ್ತನೆಯವರಾಗಿ ಬರಬೇಕಿದ್ದ ನ್ಯೂಟೌನಿನ ಮೇಷ್ಟ್ರು ಕೈಕೊಟ್ಟರು. ಸೋಮವಾರ ಕವನ ಮೈಸೂರಿಗೆ ಹೊರಡಬೇಕು. ಶನಿವಾರ ಹನ್ನೆರಡು ಗಂಟೆಗೆ ಅವಳು ಗಿರಣಿಯ ಬಾಗಿಲಲ್ಲಿ ನಿಂತು, "ಅಪ್ಪಾ, ನೀವೇ ಟೆಸ್ಟಿಗೆ ಕೂತ್ಕೊಳ್ತೀರಾ?" ಎಂದು ಕೂಗಿದಳು. ಹನ್ನೆರಡು ಗಂಟೆಗೆ ಮನೆಯವರು ಬಾಗಿಲಲ್ಲಿ ನಿಂತು ಕರೆಯುವುದು ಊಟಕ್ಕೆ ತಾನೇ? ಗೋವಿಂದಪ್ಪ ಹೂಂಗುಟ್ಟಿದ. ಹತ್ತು ನಿಮಿಷದ ಮೇಲೆ ಕೈಕಾಲು ತೊಳೆದು ಒಳಗೆ ಬಂದು ನೋಡಿದರೆ ತಟ್ಟೆ ಇರಬೇಕಾದಲ್ಲಿ ಹೆಡ್‌ಫೋನ್ ಇತ್ತು.

ಅವನು ಹೆಂಡತಿಯ ಮುಖ ನೋಡಿದ. ಮಗಳು ಎಷ್ಟು ಖುಷಿಯಲ್ಲಿದ್ದಳೆಂದರೆ ಈಗ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಸೀತಾಲಕ್ಷ್ಮಿ ಅವರೆಕಾಳಿನ ಮೊರ ಎತ್ತಿಕೊಂಡು ಮಗಳ ಬೆನ್ನ ಹಿಂದೆ ಹೋಗಿ ನಿಂತಳು. ಕವನಳ ಮುಂದೆ ವಾಕ್ಯಗಳ ಪಟ್ಟಿ ಇತ್ತು. ಯಾವ ವಾಕ್ಯ ನಡೆಯುತ್ತಿದೆಯೋ ಅದರ ಕೆಳಗೆ ಅವಳು ಸ್ಕೇಲು ಇಡುತ್ತಿದ್ದಳು. ಹಿಂದಿನಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ಸ್ಕೇಲು ಮೊದಲ ವಾಕ್ಯಕ್ಕೆ ಬಂತು. ಸೀತಾಲಕ್ಷ್ಮಿ ಸದ್ದಿಲ್ಲದೆ ತುಟಿ ಆಡಿಸಿದಳು: ಮಗು ಹಸಿವಾಗಿ.

"ಅತ್ತಿತು" ಎಂದ ಗೋವಿಂದಪ್ಪ.

ಬಾವಿಯಿಂದ ನೀರು. ಅವಳ ಕೈ ಹಗ್ಗ ಎಳೆಯಿತು.

"ಸೇದಿದರು."

ಅಜ್ಜಿ ಮಲ್ಲಿಗೆ ದಂಡೆ. ಬೆರಳು ಗಂಟು ಹಾಕಿತು.

"ಕಟ್ಟಿದಳು."

ಇಪ್ಪತ್ತು ವಾಕ್ಯ, ಇಪ್ಪತ್ತೂ ಸರಿ. ಕವನ ಲ್ಯಾಪ್‌ಟಾಪನ್ನು ಕಣ್ಣರಳಿಸಿ ನೋಡಿದಳು. "ಅಮ್ಮಾ, ಅಪ್ಪನ ಸ್ಪೀಡು ನೋಡೇ! ಅರ್ಧ ವಾಕ್ಯ ಆಡಿ ಮುಗಿಯೋಕೆ ಮುಂಚೇನೇ ಉತ್ತರ ಕೊಡ್ತಿದಾರೆ. ಇಡೀ ಜಿಲ್ಲೇಲಿ ಇಂಥ ಮಿದುಳಿಲ್ಲ!"

"ಹೌದಾ?" ಎಂದಳು ಸೀತಾಲಕ್ಷ್ಮಿ, ಮೊರ ಕೊಡವುತ್ತ. ಹೆದರಿಕೆಯ ನಡುವೆಯೂ ಅವಳಿಗೆ ಹೆಮ್ಮೆಯಾಯಿತು. ಯಾರ ಮೇಲೆ ಎಂದು ಮಾತ್ರ ಅವಳಿಗೇ ತಿಳಿಯಲಿಲ್ಲ.

ಎರಡನೆಯ ಭಾಗ ಶುರುವಾಯಿತು. ಸ್ಕೇಲು ನಾಯಿಯ ಮೇಲೆ ನಿಂತಿತು. ನಾಯಿ, ಕಳ್ಳ, ಎಲ್ಲ ಗೋವಿಂದಪ್ಪನಿಗೆ ಸಿಕ್ಕಿತು. ಹಾಡಿತು ಎಂಬುದಕ್ಕೆ ಸೀತಾಲಕ್ಷ್ಮಿ ಮೊರ ಸೊಂಟಕ್ಕೆ ಒತ್ತಿ ಹಿಡಿದು, ಕತ್ತು ವಾಲಿಸಿ, ತೊಡೆಯ ಮೇಲೆ ತಾಳ ಹಾಕಿದಳು.

"ನಾಯಿ ಕಳ್ಳನನ್ನು ಕಂಡು ಬೊಗಳಿತು" ಎಂದ ಅವನು ಗಟ್ಟಿಯಾಗಿ.

ಕವನ ತಲೆ ಎತ್ತಿದಳು. ಮುಂದಿನದು "ಅತ್ತೆ ನೆಂಟರಿಗೆ ಕಾಫಿ ಹೊಲಿದಳು." ಸೀತಾಲಕ್ಷ್ಮಿ ಗಾಳಿಯಲ್ಲಿ ಸೂಜಿ ಚುಚ್ಚಿ ದಾರ ಎಳೆದಳು. ಅವನು ನೋಡಿದ. ಇವಳಿಗೆಲ್ಲೋ ತಲೆ ಕೆಟ್ಟಿದೆ ಎಂಬಂತೆ ಹುಬ್ಬು ಗಂಟಿಕ್ಕಿ, "ಅತ್ತೆ ನೆಂಟರಿಗೆ ಕಾಫಿ ಕೊಟ್ಟಳು" ಎಂದ. "ಒಣಗಿದ ಬಟ್ಟೆಯನ್ನು ಮಡಚಿ ತಿಂದರು" ಎಂಬುದನ್ನು "ಇಟ್ಟರು" ಮಾಡಿದ. ಎಡವಟ್ಟಾದ ಇಪ್ಪತ್ತು ವಾಕ್ಯಗಳನ್ನೂ ಒಂದೊಂದಾಗಿ ನೆಟ್ಟಗೆ ಮಾಡಿ ಮಗಳ ಕೈಗಿಟ್ಟ. ಒಂದು ಸಲವೂ ನಗಲಿಲ್ಲ.

ಕವನ ಸ್ಕೇಲು ಕೆಳಗಿಟ್ಟಳು. ಅಪ್ಪನ ಹೆಡ್‌ಫೋನ್ ತಾನೇ ತೆಗೆದು, ಅವನ ಬೆನ್ನ ಹಿಂದೆ ಹೋಗಿ ನಿಂತು, ಎಂದಿನ ಧ್ವನಿಯಲ್ಲಿ ಹೇಳಿದಳು:

"ಅಪ್ಪಾ, ಮನೆಗೆ ಬೆಂಕಿ ಬಿದ್ದಿದೆ."

"ಹೂಂ, ಹಾಕ್ಬಿಡು. ಹಸಿವಾಗಿದೆ" ಎಂದ ಗೋವಿಂದಪ್ಪ.

ಕವನ ನಿಧಾನವಾಗಿ ತಲೆ ಎತ್ತಿದಳು. ಎದುರಿಗೆ ಅವಳಮ್ಮ, ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯ ಎರಡು ಬೆರಳಲ್ಲಿ ಇಲ್ಲದ ಸೂಜಿ ಹಿಡಿದುಕೊಂಡೇ ನಿಂತಿದ್ದಳು.

ಊಟ ಮುಗಿಸಿ ಗೋವಿಂದಪ್ಪ ಗಿರಣಿಗೆ ಹೋದ ಮೇಲೆ ತಾಯಿ ಮಗಳು ಅಡುಗೆಮನೆಯಲ್ಲಿ ಕೂತರು. ಸೀತಾಲಕ್ಷ್ಮಿ ಎಲ್ಲ ಹೇಳಿದಳು, ಅಜ್ಜನಿಗಿದ್ದ ಹೆಸರು, ತಾನು ಕೊಟ್ಟ ಮಾತು, ತರೀಕೆರೆಯ ನಾಲ್ಕು ಬಸ್ಸು. ತರೀಕೆರೆಯ ಕಥೆಗೆ ಕವನ ನಕ್ಕಳು, ನಗುತ್ತಲೇ ಅಳಲು ಶುರು ಮಾಡಿದಳು.

"ಅದಕ್ಕೇನಮ್ಮ ನೀನು ದಿನಾ ಅದೇ ಮಾತಾಡ್ತಿದ್ದಿದ್ದು? ನಾನು ಕ್ಯಾಸೆಟ್ಟು ಕ್ಯಾಸೆಟ್ಟು ಅಂತ..."

"ಹೊಸ ಮಾತಾಡಿದ್ರೆ ಅವ್ರಿಗೆ ಸಿಗಲ್ಲ ಕಣೆ. ಸಿಗದಿದ್ರೆ ಆ ಮುಖ ನೋಡೋಕಾಗಲ್ಲ ನನ್ ಕೈಲಿ."

"ಇನ್ನೊಂದ್ಸಲ ಹೇಳು ಅಂತ ಕೇಳೋಕೇನು ಅವ್ರಿಗೆ?"

"ಅದೊಂದು ಕೇಳಿದ್ರೆ ಎಲ್ಲಾ ಒಪ್ಕೊಂಡ ಹಾಗಾಯ್ತಲ್ಲ. ನೀನೂ ಕೇಳ್ಬೇಡ, ಅವ್ರ ಮರ್ಯಾದೆ ಹೋಗುತ್ತೆ."

ಕವನ ಮೂಗೊರೆಸಿಕೊಂಡಳು. ಆಮೇಲೆ ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದಳು. ಎಡಕ್ಕೆ 'ಹೇಳಿದ್ದು', ಬಲಕ್ಕೆ 'ಅಪ್ಪನಿಗೆ ಕೇಳಿಸಿದ್ದು' ಎಂದು ಬರೆದಳು. ಇಪ್ಪತ್ತು ವಾಕ್ಯ ತುಂಬಿಸಿ ಕೊನೆಗೆ ಇನ್ನೊಂದು ಸಾಲು ಸೇರಿಸಿದಳು. ಆ ಸಾಲಿನಲ್ಲಿ ಬಲಕ್ಕೆ 'ತವರಿಗೆ ಹೋಗ್ತೀನಿ' ಎಂದಿತ್ತು. ಎಡಕ್ಕೆ 'ಅಮ್ಮ ಹೇಳಿದ್ದು' ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಳು.

"ಏನೇ ಮಾಡ್ತಿದೀಯ? ಬೇಡ ಕಣೆ" ಎಂದು ಸೀತಾಲಕ್ಷ್ಮಿ ಅವಳ ಸೆರಗು ಜಗ್ಗಲು ಹೋದಳು. ಕವನ ಚೂಡಿದಾರದಲ್ಲಿದ್ದುದರಿಂದ ಕೈಗೆ ಸಿಕ್ಕಿದ್ದು ದುಪಟ್ಟಾ. ಅದನ್ನು ತಾಯಿಯ ಕೈಯಲ್ಲೇ ಬಿಟ್ಟು ಅವಳು ಗಿರಣಿಗೆ ಹೋಗಿ, ಅಪ್ಪನ ಕೈಯಲ್ಲಿ ಹಾಳೆ ಇಟ್ಟು ಬಂದಳು.

ಮನೆಯ ಹಿಂಬಾಗಿಲಿಂದ ಗಿರಣಿ ಕಾಣುತ್ತಿತ್ತು. ಸೀತಾಲಕ್ಷ್ಮಿ ದುಪಟ್ಟಾ ಹಿಡಿದುಕೊಂಡೇ ಬಗ್ಗಿ ನೋಡಿದಳು. ಗೋವಿಂದಪ್ಪ ಹಿಟ್ಟಿನ ಕೈಯಲ್ಲಿ ಹಾಳೆ ಹಿಡಿದು ಓದಿದ. ನಾಯಿ ಹಾಡಿದ್ದನ್ನು ಓದಿ ಜೋರಾಗಿ ನಕ್ಕ. ಕಾಫಿ ಹೊಲಿದದ್ದಕ್ಕೆ ಇನ್ನೂ ಜೋರಾಗಿ ನಕ್ಕ. ಸರದಿಯಲ್ಲಿ ನಿಂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಅವನ ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿತು, ನಗು ನಿಂತಿತು. ಕೊನೆಯ ಸಾಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಖಾಲಿ ಜಾಗದಲ್ಲಿ ಓದುವುದಕ್ಕೇನಿರುತ್ತದೆ? ಆದರೂ ಅವನು ಬಹಳ ಹೊತ್ತು ಓದಿದ.

ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವಲ್ಲ, ಇನ್ನು ಈ ಮನುಷ್ಯ ನನ್ನ ಹತ್ತಿರ ಅಷ್ಟೂ ಮಾತಾಡದೆ ಹೋದರೆ ಏನು ಗತಿ ಎಂದು ಸೀತಾಲಕ್ಷ್ಮಿಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಗಿರಣಿ ನಿಂತಿತು.

ಊಟದ ಹೊತ್ತು ಬಿಟ್ಟರೆ, ಕರೆಂಟು ಹೋಗದೆ ಹಗಲಲ್ಲಿ ಆ ಗಿರಣಿ ನಿಂತದ್ದನ್ನು ಆ ಬೀದಿಯವರು ಕಂಡಿರಲಿಲ್ಲ. ಖಾಜಾಬೀ ಏನಾಯಿತೆಂದು ಹೊರಗೆ ಬಂದಳು. ಗೋವಿಂದಪ್ಪ ಕಾಯುತ್ತಿದ್ದವರನ್ನು ಅಲ್ಲೇ ಬಿಟ್ಟು, ಮೈತುಂಬ ಹಿಟ್ಟು ಮೆತ್ತಿಕೊಂಡೇ ಮನೆಯೊಳಗೆ ಬಂದು ಹೆಂಡತಿಯ ಎದುರು ನಿಂತ. ಹಾಳೆಯ ಖಾಲಿ ಜಾಗದ ಮೇಲೆ ಬೆರಳಿಟ್ಟ. ಹಿಟ್ಟಿನ ಗುರುತು ಬಿತ್ತು.

"ಸೀತಾ" ಎಂದ. "ಅವತ್ತು... ನೀನು ಏನಂದೆ?"

ಹನ್ನೊಂದು ವರ್ಷ ಕಾದ ಮಾತು ಬಂದೇಬಿಟ್ಟಾಗ ಅವಳಿಗೆ ತಾನು ಏನಂದಿದ್ದೆ ಎಂಬುದೇ ಮರೆತುಹೋಯಿತು. "ಉಪ್ಪು ಸಾಕಾ" ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ತ್ಯಾವರೆಕೊಪ್ಪಕ್ಕೆ ಹೋಗೋಣ ಅಂದೆ."

ಅವನು ತುಟಿ ನೋಡಿದ. ಹಳೆಯ ಅಭ್ಯಾಸ, ತವರು ಎಂಬುದೇ ಬಾಯಿಗೆ ಬಂತು. "ತವ..." ಎಂದು ತಡೆದುಕೊಂಡ. "ಏನಂದೆ?"

"ತ್ಯಾವರೆಕೊಪ್ಪ!"

"ಏನಂದೆ?"

"ತ್ಯಾ-ವ-ರೆ-ಕೊ-ಪ್ಪ! ಹುಲಿ! ಸಿಂಹ!" ಎಂದು ಸೀತಾಲಕ್ಷ್ಮಿ ಹತ್ತು ಬೆರಳನ್ನೂ ಉಗುರಿನಂತೆ ಮಡಚಿ ಮುಖದ ಮುಂದೆ ಹಿಡಿದು ಬೀದಿಗೆ ಕೇಳುವಂತೆ ಘರ್ಜಿಸಿದಳು. ಹೊರಗೆ ಖಾಜಾಬೀ ಡಬ್ಬ ಕೆಳಗೆ ಹಾಕಿದ ಸದ್ದಾಯಿತು.

ಗೋವಿಂದಪ್ಪನ ಬಾಯಿ ತೆರೆದಂತೆಯೇ ಇತ್ತು. "ಸಿಂಹ ನೋಡೋಕಾ? ನಾಲ್ಕ್ ಸಲಾನೂ ಅದೇನಾ? ಮತ್ತೆ ಬಾಳೆಹಣ್ಣು ಕೊಟ್ಟು ತರೀಕೆರೆ ಬಸ್ಸು ಹತ್ತಿಸಿದ್ನಲ್ಲೇ! ಸುಮ್ನೆ ಹೋಗಿ ಬಂದ್ಯಲ್ಲ ಮಾರಾಯ್ತಿ!"

"ಏನ್ಮಾಡ್ಲಿ, ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟಿದ್ರಿ" ಎಂದಳು. ಅವನಿಗೆ ಅದು ಕೇಳಿಸಲಿಲ್ಲ. "ಏನಂದೆ?" ಎಂದ. ಅವಳು ಇನ್ನೊಂದು ಸಲ ಹೇಳಿದಳು. ಕಣ್ಣಲ್ಲಿ ನೀರು ಬಂದದ್ದನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು.

ಭಾನುವಾರ ಗಿರಣಿಗೆ ಬೀಗ ಬಿತ್ತು. ಕವನ ಮನೆಯಲ್ಲೇ ಉಳಿದು ಖಾಜಾಬೀಯ ಗಂಡ ಪೀರ್ ಬಾಷಾನ ಕಿವಿಗೆ ಹೆಡ್‌ಫೋನು ಹಾಕಿ ಮೂವತ್ತರ ಲೆಕ್ಕ ಮುಗಿಸಿದಳು. ಅಪ್ಪನನ್ನು ಬರುವ ವಾರ ಶಿವಮೊಗ್ಗದ ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂದು ತಾಯಿಗೆ ತಾಕೀತು ಮಾಡಿದ್ದಳು. "ನೋಡಾಣ" ಎಂದಿದ್ದ ಗೋವಿಂದಪ್ಪ. ಅದು ಹೂಂ ಎಂದ ಹಾಗೇ.

ತ್ಯಾವರೆಕೊಪ್ಪದಲ್ಲಿ ಜಾಲರಿಯ ವ್ಯಾನು ತುಂಬಿತ್ತು. ಮುಂದಿನ ಸೀಟಿನಲ್ಲಿ ಹಳೇನಗರದವರೇ ಒಂದು ಸಂಸಾರ, ತಿಂಗಳಿಗೊಮ್ಮೆ ರಾಗಿ ಹಾಕಿಸುವವರು. ಗೋವಿಂದಪ್ಪ ಅವರಿಗೆ ನಕ್ಕು ತಲೆಯಾಡಿಸಿದ. ಸೀತಾಲಕ್ಷ್ಮಿಗೆ ಈ ಸಲವೂ ಕಿಟಕಿ ಪಕ್ಕದ ಸೀಟು. ತಿರುವಿನಲ್ಲಿ ವ್ಯಾನು ನಿಂತಿತು. ಹತ್ತೇ ಮಾರು ದೂರದಲ್ಲಿ ಒಂದು ಮುದಿ ಸಿಂಹ ಎದ್ದು, ಮೈಮುರಿದು, ಬಾಯಿ ತೆರೆದು ಘರ್ಜಿಸಿತು. ಎಲ್ಲರೂ ಮುದುಡಿಕೊಂಡರು. ಸೀಟು ಅದುರಿದ್ದು ಗೋವಿಂದಪ್ಪನಿಗೂ ತಿಳಿಯಿತು.

"ಏನಂತೆ ಅದಕ್ಕೆ?" ಎಂದ.

"ಏನಿಲ್ಲ. ಅದೂ ನನ್ ಹಾಗೇ, ದಿನಾ ಅದೇ ಮಾತು" ಎಂದಳು ಸೀತಾಲಕ್ಷ್ಮಿ.

"ಏನಂದೆ?"

ಕಿವಿ ಕೇಳದವರ ಗಂಟಲು ದೊಡ್ಡದು. ಇಡೀ ವ್ಯಾನಿಗೆ ಕೇಳಿಸಿತು. ಮುಂದಿನ ಸೀಟಿನವರು ಸಿಂಹ ಬಿಟ್ಟು ಹಿಂದಕ್ಕೆ ತಿರುಗಿದರು. ಸೀತಾಲಕ್ಷ್ಮಿ ಗಂಡನ ಕೈ ಹಿಡಿದುಕೊಂಡಳು. ನಾಳೆ ಬೆಳಗಾದರೆ ಹಳೇನಗರದಲ್ಲೆಲ್ಲ ಕೆಪ್ಪ ಗೋವಿಂದ ಎಂದಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅವನು ಅವರ ಮುಖ ನೋಡಿದ, ತನ್ನ ಕಿವಿ ತೋರಿಸಿದ.

"ಕಿವಿ ಕೇಳ್ಸಲ್ಲ ಕಣ್ರೀ, ನಮ್ಮಪ್ಪನ ತರಾನೇ" ಎಂದು ಹೇಳಿ, ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತ. "ಹೇಳೇ, ಏನಂದೆ?"

ಸೀತಾಲಕ್ಷ್ಮಿ ಮೊದಲಿಂದ ಶುರುಮಾಡಿ ಎಲ್ಲ ಹೇಳಿದಳು. ಅಂದದ್ದಕ್ಕಿಂತ ಹೆಚ್ಚೇ ಹೇಳಿದಳು. ಸಿಂಹ ಯಾವಾಗ ಎದ್ದು ಹೋಯಿತೋ ಇಬ್ಬರೂ ನೋಡಲಿಲ್ಲ.